ಫಿಸಿಕಲ್ ಮಾಡೆಲಿಂಗ್‌ನಲ್ಲಿ ಕಬ್ಬಿಣ ಬಡಿದರೆ ಗಾಜಿನ ಸದ್ದು ಬರುತ್ತಿದೆ. ಎಲ್ಲಿ ತಪ್ಪುತ್ತಿದ್ದೇನೆ?

ಹೆಜ್ಜೆಸದ್ದು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದು ಚಿಕ್ಕ ಗೇಮ್‌ಗೆ ಸದ್ದು ಮಾಡುತ್ತಿದ್ದೇನೆ. ಆಟಗಾರ ಮುಚ್ಚಿದ ಕಾರ್ಖಾನೆಯೊಳಗೆ ಕತ್ತಲಲ್ಲಿ ಓಡಾಡುತ್ತಾನೆ. ಕೈಯಲ್ಲಿ ಒಂದು ಕೋಲು ಅಷ್ಟೇ. ಎದುರಿಗೆ ಸಿಕ್ಕಿದ್ದನ್ನು ತಟ್ಟಿ, ಸದ್ದು ಕೇಳಿಯೇ ಅದು ಏನು ಅಂತ ಗುರುತು ಹಿಡಿಯಬೇಕು. ಸರಳು, ಪೈಪ್, ತಗಡು, ದೊಡ್ಡ ಟ್ಯಾಂಕ್, ಕೊನೆಯ ಕೋಣೆಯಲ್ಲಿ ಒಂದು ಗಂಟೆ. ಸದ್ದೇ ಸುಳ್ಳಾದರೆ ಇಡೀ ಆಟಕ್ಕೆ ಅರ್ಥ ಇರುವುದಿಲ್ಲ.

ಮೊದಲು ರೆಕಾರ್ಡ್ ಮಾಡಿದ ಸ್ಯಾಂಪಲ್ ಹಾಕಿದ್ದೆ. ಒಂದೊಂದು ವಸ್ತುವಿಗೆ ಎಂಟೆಂಟು ಏಟು. ಐದು ನಿಮಿಷ ಆಡಿದರೆ ಸಾಕು, ಅದೇ ಏಟು ಮತ್ತೆ ಬಂತು ಅಂತ ಕಿವಿ ಹೇಳಿಬಿಡುತ್ತದೆ. ಅದಕ್ಕೇ ಫಿಸಿಕಲ್ ಮಾಡೆಲಿಂಗ್ ಕಡೆ ಬಂದೆ, ಅಂದರೆ ರೆಕಾರ್ಡಿಂಗ್ ಬಿಟ್ಟು ವಸ್ತು ಅದುರುವ ರೀತಿಯನ್ನೇ ಲೆಕ್ಕ ಹಾಕಿ ಸದ್ದು ಹುಟ್ಟಿಸುವುದು. ಇಂಥ ಸಿಂಥ್ ಸಾಫ್ಟ್‌ವೇರ್‌ಗಳಲ್ಲಿ ಏಬಲ್ಟನ್‌ನ ಕೊಲಿಷನ್ ಇದೆ, ಕ್ರೋಮಾಫೋನ್ ಡೆಮೊ ಕೂಡ ಹಾಕಿಕೊಂಡಿದ್ದೇನೆ.

ಸರಳಿಗೆ ಬೀಮ್ ರೆಸೊನೇಟರ್ (ಏಟಿಗೆ ಅದುರುವ ವಸ್ತುವಿನ ಮಾಡೆಲ್) ತೆಗೆದುಕೊಂಡೆ. ಮೆಟೀರಿಯಲ್ ನಾಬನ್ನು ಲೋಹದ ಕಡೆ ಪೂರ್ತಿ ತಿರುಗಿಸಿದೆ. ಮ್ಯಾಲೆಟ್ ಸ್ಟಿಫ್‌ನೆಸ್ (ಹೊಡೆಯುವ ತಲೆಯ ಗಟ್ಟಿತನ) ಕೂಡ ಪೂರ್ತಿ. ಬಂದದ್ದು ‘ಟಿಣ್’. ಚಮಚದಿಂದ ಗಾಜಿನ ಲೋಟ ತಟ್ಟಿದ ಹಾಗೆ. ಈಕ್ಯೂ ಹಾಕಿ ಮೇಲಿನದನ್ನು ಕತ್ತರಿಸಿದರೆ ಮಂಕಾದ ಗಾಜು. ರಿವರ್ಬ್ ಹಾಕಿದರೆ ದೊಡ್ಡ ಹಾಲ್‌ನಲ್ಲಿ ಇಟ್ಟ ಗಾಜು. ಪೈಪ್‌ಗೆ ಪೈಪ್ ರೆಸೊನೇಟರ್ ಹಾಕಿದರೆ ಕೊಳಲಿನ ಬಾಯಿ ತಟ್ಟಿದಂತಿದೆ, ಲೋಹವೇ ಇಲ್ಲ.

ಇನ್ನೊಂದು ಚಿಕ್ಕ ಪ್ರಶ್ನೆ. ಒಂದು ಕೋಣೆಯಲ್ಲಿ ಚರ್ಮ ಬಿಗಿದ ಡ್ರಮ್ ಇದೆ. ಮೆಂಬ್ರೇನ್ ಹಾಕಿದರೆ ಶ್ರುತಿಯೇ ಕಿವಿಗೆ ಸಿಗುತ್ತಿಲ್ಲ. ಇದು ಸಾಫ್ಟ್‌ವೇರ್ ದೋಷವಾ, ನನ್ನದಾ?

ಎಂಟುಬಿಟ್

ರಿವರ್ಬ್, ಈಕ್ಯೂ ಎರಡನ್ನೂ ತೆಗೆದು ಒಣ ಸದ್ದು ಕೇಳಿ. ಮೆಟೀರಿಯಲ್ ನಾಬನ್ನು ಅರ್ಧಕ್ಕಿಂತ ಸ್ವಲ್ಪ ಮೇಲೆ ತನ್ನಿ. ಸ್ಟಿಫ್‌ನೆಸ್ ಕೂಡ ಇಳಿಸಿ. ಅರ್ಧ ಸಮಸ್ಯೆ ಅಲ್ಲೇ ಹೋಗುತ್ತದೆ ಅನ್ನಿಸುತ್ತದೆ.

ಡ್ರಮ್ ವಿಷಯ: ದೋಷ ಯಾರದ್ದೂ ಅಲ್ಲ. ದುಂಡಗಿನ ಚರ್ಮದ ಪಾರ್ಶಿಯಲ್‌ಗಳು (ಒಂದು ಸದ್ದಿನೊಳಗೆ ಸೇರಿರುವ ಬಿಡಿ ಸ್ವರಗಳು) ಎಲ್ಲಕ್ಕಿಂತ ಕೆಳಗಿನದರ 1, 1.594, 2.136, 2.296, 2.653 ಪಟ್ಟು ಹೀಗೆ ಹೋಗುತ್ತವೆ. ಒಂದಕ್ಕೊಂದು ಹೊಂದುವುದಿಲ್ಲ, ಅದಕ್ಕೇ ಶ್ರುತಿ ಮಸುಕು. ಚರ್ಮದ ನಡುವೆ ಭಾರ ಮೆತ್ತಿದರೆ ಇವು ಹತ್ತಿರ ಹತ್ತಿರ ಪೂರ್ಣ ಸಂಖ್ಯೆಗಳಿಗೆ ಬಂದು ಕೂರುತ್ತವೆ ಅಂತ ಸಿ.ವಿ. ರಾಮನ್ 1920ರಲ್ಲೇ ಬರೆದಿದ್ದರು. ಅಂಥ ಸದ್ದು ಬೇಕಾದರೆ ಮೆಂಬ್ರೇನ್ ಬಿಟ್ಟು ಸ್ಟ್ರಿಂಗ್ ರೆಸೊನೇಟರನ್ನೇ ಸಣ್ಣ ಡಿಕೇ (ಸದ್ದು ಇಳಿಯಲು ಹಿಡಿಯುವ ಹೊತ್ತು) ಇಟ್ಟು ಬಳಸಿ ನೋಡಿ. ಕೊಲಿಷನ್‌ನ ಮೆಂಬ್ರೇನ್ ದುಂಡಗಿನದಲ್ಲ, ಆಯತಾಕಾರದ್ದು. ಅದೂ ನೆನಪಿರಲಿ.

ದುಡ್ಡು ಹಾಕದೆ ಕಲಿಯಬೇಕು ಅಂದರೆ ಉಚಿತ ಸಿಂಥ್ ಸಾಫ್ಟ್‌ವೇರ್ ವಿಸಿವಿ ರ‍್ಯಾಕ್ ಇದೆ. ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್‌ನ ರಿಂಗ್ಸ್ ಮತ್ತು ಎಲಿಮೆಂಟ್ಸ್ ಎಂಬ ಎರಡು ಸಿಂಥ್ ಮಾಡ್ಯೂಲ್‌ಗಳ ಕೋಡೂ ಮುಕ್ತವಾಗಿದೆ, ಹಾಗಾಗಿ ಅವು ಅಲ್ಲಿ ಉಚಿತವಾಗಿ ಸಿಗುತ್ತವೆ. ಎಲಿಮೆಂಟ್ಸ್ ಒಳಗೆ 64 ರೆಸೊನೇಟರ್ ಫಿಲ್ಟರ್‌ಗಳಿವೆ.

ಸಾಣೆಕಲ್ಲು

ನಾನು ತುಂಬಾ ವರ್ಷ ಲೇತ್ ಮೇಲೆ ಕೆಲಸ ಮಾಡಿದವನು. ಸಂಜೆ ಹೊತ್ತು ಸಿಂಥ್ ಹಿಡಿಯುತ್ತೇನೆ. ನಿಮ್ಮ ಆಟದ ವಿಷಯ ಓದಿ ಖುಷಿಯಾಯಿತು, ಯಾಕೆಂದರೆ ನಮ್ಮ ಕೆಲಸದಲ್ಲಿ ಅದನ್ನು ದಿನಾ ಮಾಡುತ್ತಿದ್ದೆವು. ಗ್ರೈಂಡಿಂಗ್ ವೀಲ್ ಹಾಕುವ ಮುಂಚೆ ಅದನ್ನು ಬೆರಳಿಗೆ ತೂಗುಹಾಕಿಕೊಂಡು ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ಸರಿ ಇದ್ದರೆ ಸ್ವಚ್ಛವಾಗಿ ಮಿಡಿಯುತ್ತದೆ. ಬಿರುಕಿದ್ದರೆ ‘ದಬ್’ ಅನ್ನುತ್ತದೆ. ಆ ವೀಲನ್ನು ಹಾಕಲೇಬಾರದು, ತಿರುಗುವಾಗ ಸಿಡಿಯುತ್ತದೆ. ಆ ‘ದಬ್’ನಲ್ಲಿ ಶ್ರುತಿಗಿಂತ ಮೊದಲು ಕಿವಿಗೆ ತಾಗುವುದು ಸದ್ದು ಎಷ್ಟು ಬೇಗ ಸತ್ತಿತು ಅನ್ನೋದು. ನಿಮ್ಮ ತೊಂದರೆ ಇರುವುದೂ ಅಲ್ಲೇ.

ಮೆಟೀರಿಯಲ್ ನಾಬ್ ಏನು ಮಾಡುತ್ತದೆ ಅಂತ ಒಮ್ಮೆ ನೋಡಿ. ಹೆಸರು ಮೆಟೀರಿಯಲ್ ಅಂತಿದ್ದರೂ ಅದು ಲೋಹವನ್ನು ಆರಿಸುವುದಿಲ್ಲ. ಕೆಳಗಿನ ಪಾರ್ಶಿಯಲ್ ಎಷ್ಟು ಹೊತ್ತು ಉಳಿಯಬೇಕು, ಮೇಲಿನದು ಎಷ್ಟು ಹೊತ್ತು ಅನ್ನುವ ಲೆಕ್ಕವನ್ನು ಬದಲಿಸುತ್ತದೆ. ಒಂದು ತುದಿಯಲ್ಲಿ ಮೇಲಿನವು ಬೇಗ ಸಾಯುತ್ತವೆ. ಆಗ ಮರ, ರಬ್ಬರ್. ಇನ್ನೊಂದು ತುದಿಯಲ್ಲಿ ಮೇಲಿನವೇ ಕೆಳಗಿನವಕ್ಕಿಂತ ಜಾಸ್ತಿ ಹೊತ್ತು ಉಳಿಯುತ್ತವೆ. ಕಬ್ಬಿಣದ ಸರಳು ಹಾಗಿರುವುದಿಲ್ಲ. ಅದರಲ್ಲೂ ಮೇಲಿನವು ಮೊದಲು ಹೋಗುತ್ತವೆ, ಆದರೆ ಮರದಷ್ಟು ಅವಸರದಲ್ಲಿ ಅಲ್ಲ. ನೀವು ನಾಬನ್ನು ತುದಿಗೆ ತಳ್ಳಿದಾಗ ಕೆಳಗಿನ ಮೈ ಕರಗಿ, ಮೇಲಿನ ಹೊಳಪು ಮಾತ್ರ ಉಳಿಯಿತು. ಕಿವಿ ಅದನ್ನು ಗಾಜು ಅಂದಿತು. ಎಂಟುಬಿಟ್ ಹೇಳಿದ ಹಾಗೆ ವಾಪಸ್ ತನ್ನಿ, ಡಿಕೇಯನ್ನು ಅದಕ್ಕೆ ತಕ್ಕಂತೆ ಏರಿಸಿ. ಎರಡನ್ನೂ ಒಟ್ಟಿಗೆ ಹೊಂದಿಸಬೇಕು.

ಇದನ್ನು ನಂಬಲು ನಾನು ಒಂದು ಪರೀಕ್ಷೆ ಮಾಡಿದ್ದೆ. 12 ಮಿ.ಮೀ. ದಪ್ಪದ ದುಂಡನೆ ಉಕ್ಕಿನ ಸರಳು, 30 ಸೆಂ.ಮೀ. ಉದ್ದಕ್ಕೆ ಕತ್ತರಿಸಿ ತುದಿಗಳನ್ನು ಸಾಫು ಮಾಡಿದ್ದು. ಎರಡು ಕಡೆ ಹತ್ತಿಯ ದಾರ ಸುತ್ತಿ ತೂಗುಹಾಕಿದೆ. ದಾರ ಎಲ್ಲಿ ಕಟ್ಟಬೇಕು ಅನ್ನೋದು ಮುಖ್ಯ. ತುದಿಯಿಂದ ಉದ್ದದ ಶೇ 22.4ರಷ್ಟು ಒಳಗೆ, ಅಂದರೆ ಇಲ್ಲಿ 6.7 ಸೆಂ.ಮೀ. ಮೊದಲ ಪಾರ್ಶಿಯಲ್‌ನಲ್ಲಿ ಸರಳು ಬಾಗುವಾಗ ಅಲುಗಾಡದೆ ಉಳಿಯುವ ಜಾಗ ಅದು. ಮರಿಂಬಾ, ವೈಬ್ರಫೋನ್ ಪಟ್ಟಿಗಳಿಗೆ ದಾರದ ತೂತು ಇರುವುದೂ ಹೆಚ್ಚುಕಡಿಮೆ ಅಲ್ಲೇ.

ತಟ್ಟಿ ಸ್ಪೆಕ್ಟ್ರಮ್ ನೋಡಿದೆ. 596, 1632, 3160 ಹರ್ಟ್ಜ್. ಪುಸ್ತಕದ ಲೆಕ್ಕ 1, 2.756, 5.404. ನನ್ನ ಸರಳಿನದು 1, 2.738, 5.302. ಮೇಲಕ್ಕೆ ಹೋದಷ್ಟೂ ಸ್ವಲ್ಪ ಕೆಳಗೆ ಜಾರಿದೆ. ಪುಸ್ತಕದ ಲೆಕ್ಕ ತೆಳ್ಳಗಿನ ಸರಳಿಗೆ. ದಪ್ಪ ಜಾಸ್ತಿಯಾದರೆ ಮೇಲಿನ ಪಾರ್ಶಿಯಲ್‌ಗಳು ಹೀಗೆ ಜಗ್ಗುತ್ತವೆ. ಕೊಲಿಷನ್‌ನ ಇನ್‌ಹಾರ್ಮೋನಿಕ್ಸ್ ನಾಬನ್ನು ಒಂದು ಕೂದಲಷ್ಟು ಇಳಿಸಿದರೆ ಸರಳು ದಪ್ಪ ಆದಂತೆ ಕೇಳುತ್ತದೆ. ನಿಮ್ಮ ಆಟಕ್ಕೆ ಇದು ಬೇಕಾಗಬಹುದು.

ಆಮೇಲೆ ಸರಳಿನ ನಟ್ಟನಡುವೆ ಹೊಡೆದೆ. 1632 ಮಾಯ! ಎರಡನೆಯ ಪಾರ್ಶಿಯಲ್‌ಗೆ ನಡುವಿನ ಜಾಗ ಅಲುಗಾಡುವುದಿಲ್ಲ, ಹಾಗಾಗಿ ಅಲ್ಲಿ ಎಷ್ಟು ಹೊಡೆದರೂ ಅದು ಏಳುವುದಿಲ್ಲ. ದಾರ ಕಟ್ಟಿದ ಜಾಗದ ಮೇಲೆ ಹೊಡೆದೆ. ಈಗ 596 ಬಹುತೇಕ ಇಲ್ಲ, ಬರೀ ಮೇಲಿನ ಕಣಕಣ. ತುದಿಯಲ್ಲಿ ಹೊಡೆದೆ. ಎಲ್ಲವೂ ಬಂತು. ಒಂದೇ ಸರಳು, ಒಂದೇ ಕೈ, ಮೂರು ಬೇರೆ ಬೇರೆ ಸದ್ದು. ನಿಮ್ಮ ಸ್ಯಾಂಪಲ್ ಕೈಕೊಟ್ಟದ್ದು ಇದಕ್ಕೇ. ಹಿಟ್ ಪೊಸಿಷನ್ ಅನ್ನುವ ನಾಬ್ ಇದೆಯಲ್ಲ, ಅದಕ್ಕೆ ಪ್ರತಿ ಏಟಿಗೂ ಸ್ವಲ್ಪ ರ‍್ಯಾಂಡಮ್ ಕೊಡಿ. ಜಾಸ್ತಿ ಬೇಡ. ಕೋಲು ಹಿಡಿದ ಕೈ ಒಂದೆರಡು ಬೆರಳಗಲ ಆಚೀಚೆ ಹೋಗುತ್ತದೆ ಅಷ್ಟೇ.

ಸ್ಟಿಫ್‌ನೆಸ್ ಪೂರ್ತಿ ಅಂದರೆ ಸುತ್ತಿಗೆಯೂ ಗಟ್ಟಿ ಉಕ್ಕು ಅಂತ ಅರ್ಥ. ನಿಮ್ಮ ಆಟಗಾರನ ಕೈಯಲ್ಲಿರುವುದು ಕೋಲು ಅಲ್ವಾ? ಮೆದು ತಲೆ ಸರಳಿಗೆ ಹೆಚ್ಚು ಹೊತ್ತು ಅಂಟಿಕೊಂಡಿರುತ್ತದೆ, ಗಟ್ಟಿ ತಲೆ ತಕ್ಷಣ ಪುಟಿಯುತ್ತದೆ. ತಾಗಿದ ಹೊತ್ತು 5 ಮಿಲಿಸೆಕೆಂಡ್ ಇದ್ದರೆ ಸುಮಾರು 300 ಹರ್ಟ್ಜ್ ಮೇಲೆ ಏಟಿನ ಬಲ ಬೇಗ ಕುಸಿಯುತ್ತದೆ. ಅರ್ಧ ಮಿಲಿಸೆಕೆಂಡ್ ಇದ್ದರೆ 3000 ಹರ್ಟ್ಜ್ ತನಕ ಹೋಗುತ್ತದೆ. ಜೋರಾಗಿ ಹೊಡೆದರೆ ತಾಗುವ ಹೊತ್ತು ಇನ್ನೂ ಕಡಿಮೆ ಆಗುತ್ತದೆ, ಅದಕ್ಕೇ ಜೋರು ಏಟು ಹೊಳಪಾಗಿ ಕೇಳುವುದು. ವೆಲಾಸಿಟಿಯನ್ನು (ಏಟು ಎಷ್ಟು ಜೋರು ಅನ್ನುವ ಅಂಕಿ) ವಾಲ್ಯೂಮ್‌ಗೆ ಮಾತ್ರ ಕಟ್ಟಬೇಡಿ. ಸ್ಟಿಫ್‌ನೆಸ್‌ಗೂ ಕಟ್ಟಿ. ಬರೀ ವಾಲ್ಯೂಮ್ ಏರಿದರೆ ವಸ್ತು ಹತ್ತಿರ ಬಂದಂತೆ ಕೇಳುತ್ತದೆ, ಜೋರಾಗಿ ಹೊಡೆದಂತೆ ಅಲ್ಲ.

ಪೈಪ್ ಬಗ್ಗೆ ಒಂದು ಮಾತು. ಇಲ್ಲಿ ತುಂಬಾ ಜನ ಎಡವುತ್ತಾರೆ. ಕೊಲಿಷನ್‌ನ ಪೈಪ್, ಟ್ಯೂಬ್ ಎರಡೂ ಒಳಗಿನ ಗಾಳಿಯ ಕಂಬದ ಮಾಡೆಲ್‌ಗಳು. ಪೈಪ್‌ನ ಲೋಹದ ಗೋಡೆ ಅಲ್ಲಿ ಇಲ್ಲವೇ ಇಲ್ಲ. ಲೋಹದ ಪೈಪ್ ತಟ್ಟಿದಾಗ ಬಾಗುವುದು ಗೋಡೆ, ಸರಳಿನ ಹಾಗೆಯೇ. ಆದ್ದರಿಂದ ಮೊದಲ ರೆಸೊನೇಟರ್ ಬೀಮ್ ಇಡಿ, ಅದರಿಂದ ಎರಡನೆಯದಾದ ಟ್ಯೂಬ್‌ಗೆ ಸ್ವಲ್ಪ ಹೋಗಲಿ. ಆಗ ಲೋಹವೂ ಇರುತ್ತದೆ, ಟೊಳ್ಳೂ ಇರುತ್ತದೆ. ಇನ್ನೊಂದು ಗಮನಿಸಿ: ಒಂದೇ ಉದ್ದ, ಒಂದೇ ಹೊರ ಅಳತೆಯ ಸರಳು ಮತ್ತು ತೆಳು ಗೋಡೆಯ ಪೈಪ್ ತಟ್ಟಿದರೆ ಪೈಪ್‌ನ ಶ್ರುತಿಯೇ ಮೇಲೆ ಇರುತ್ತದೆ, ಸುಮಾರು 1.4 ಪಟ್ಟು. ಟೊಳ್ಳು ಅಂದರೆ ದಪ್ಪ ಸದ್ದು ಅಂತ ಅಂದುಕೊಂಡು ಕೆಳಗೆ ಟ್ಯೂನ್ ಮಾಡಬೇಡಿ.

ಲೂಪ್‌ಮನೆ

ಗೇಮ್ ಒಳಗೇ ಲೈವ್ ಆಗಿ ಓಡಿಸುವ ಯೋಚನೆ ಇದ್ದರೆ ಪ್ಲಗಿನ್ ಬೇಕಾಗಿಲ್ಲ. ಒಂದು ಪಾರ್ಶಿಯಲ್‌ಗೆ ಒಂದು ರೆಸೊನೇಟರ್ ಸಾಕು. ಈಗಿನ ಸ್ಯಾಂಪಲ್ (ರೆಕಾರ್ಡಿಂಗ್ ಅಲ್ಲ, ಸದ್ದಿನ ಅಲೆಯ ಒಂದು ಅಂಕಿ) ಬರಬೇಕಾದರೆ ಹಿಂದಿನದನ್ನು 2 ಆರ್ ಕಾಸ್ ಥೀಟಾದಿಂದ ಗುಣಿಸಿ, ಅದರ ಹಿಂದಿನದನ್ನು ಆರ್ ವರ್ಗದಿಂದ ಗುಣಿಸಿ ಕಳೆದು, ಏಟಿನ ಸಿಗ್ನಲ್ ಕೂಡಿಸಿ. ಥೀಟಾ ಪಾರ್ಶಿಯಲ್‌ನ ಆವರ್ತನವನ್ನು, ಆರ್ ಒಂದೇ ಡಿಕೇಯನ್ನು ನಿರ್ಧರಿಸುತ್ತದೆ. 44100 ರೇಟ್‌ನಲ್ಲಿ 2 ಸೆಕೆಂಡಿಗೆ 60 ಡೆಸಿಬಲ್ ಇಳಿಯಬೇಕು ಅಂದರೆ ಆರ್ ಬೆಲೆ 0.9999217. ಒಂದಕ್ಕೆ ಇಷ್ಟು ಹತ್ತಿರ ಇರುವುದರಿಂದ ಲೆಕ್ಕವನ್ನು ಡಬಲ್ ಪ್ರಿಸಿಷನ್‌ನಲ್ಲೇ ಇಡಿ. ಸರಳಿಗೆ ಆರೇಳು ಪಾರ್ಶಿಯಲ್ ಇದ್ದರೆ ಸಾಕು. ಫೋನಿನಲ್ಲೂ ಸುಲಭವಾಗಿ ಓಡುತ್ತದೆ.

ಗಂಟೆಗೆ ನನ್ನ ಮೆಚ್ಚಿನ ಪಾಠ ಜೀನ್ ಕ್ಲಾಡ್ ರಿಸ್ಸೆ 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮಾಡಿದ ಗಂಟೆ. ಅದು ಫಿಸಿಕಲ್ ಮಾಡೆಲ್ ಅಲ್ಲ, ಹನ್ನೊಂದು ಸೈನ್ ಅಲೆಗಳು ಮಾತ್ರ. ಆದರೆ ಅದರ ಅಂಕಿಗಳನ್ನು ನಿಮ್ಮ ರೆಸೊನೇಟರ್‌ಗಳಿಗೆ ಹಾಗೇ ಕೊಡಬಹುದು. ಆವರ್ತನ (ಮೂಲ ಶ್ರುತಿಯ ಎಷ್ಟು ಪಟ್ಟು ಅಂತ): 0.56, 0.92, 1.19, 1.7, 2, 2.74, 3, 3.76, 4.07. ಇದರಲ್ಲಿ ಮೊದಲ ಎರಡಕ್ಕೆ ಜೋಡಿಗಳಿವೆ. 0.56ರ ಪಕ್ಕ 1 ಹರ್ಟ್ಜ್ ಮೇಲೆ ಇನ್ನೊಂದು, 0.92ರ ಪಕ್ಕ 1.7 ಹರ್ಟ್ಜ್ ಮೇಲೆ ಇನ್ನೊಂದು. ಎಲ್ಲಕ್ಕಿಂತ ಕೆಳಗಿನದರ ಉದ್ದ 1 ಅಂತಿಟ್ಟುಕೊಂಡರೆ ಎಲ್ಲಕ್ಕಿಂತ ಮೇಲಿನದರ ಉದ್ದ 0.075. ಸಾಣೆಕಲ್ಲು ಅವರು ಡಿಕೇ ಬಗ್ಗೆ ಹೇಳಿದ್ದು ಇಲ್ಲಿ ಅಂಕಿಯಲ್ಲೇ ಇದೆ. ಒಮ್ಮೆ ಸುಮ್ನೆ ಎಲ್ಲ ಉದ್ದಗಳನ್ನೂ ಸಮ ಮಾಡಿ ಕೇಳಿ. ಗಂಟೆ ಹೋಗಿ ಆರ್ಗನ್ ಆಗುತ್ತದೆ.

ಆ ಜೋಡಿಗಳು ಬರೀ ಅಲಂಕಾರ ಅಲ್ಲ. ನಿಜವಾದ ಗಂಟೆ ಪೂರ್ತಿ ದುಂಡಗಿರುವುದಿಲ್ಲ. ಎಲ್ಲೋ ಒಂದು ಕಡೆ ಗೋಡೆ ಚೂರು ದಪ್ಪ. ಅದರಿಂದ ಒಂದು ಪಾರ್ಶಿಯಲ್ ಎರಡಾಗಿ ಒಡೆಯುತ್ತದೆ, ಎರಡೂ ಸೇರಿ ಗುಂಯ್ ಗುಂಯ್ ಅಂತ ತೂಗುತ್ತವೆ.

ಹೆಜ್ಜೆಸದ್ದು

ಎರಡು ದಿನ ಇದರಲ್ಲೇ ಮುಳುಗಿದ್ದೆ. ಸರಳು ಬಂತು! ಮೆಟೀರಿಯಲ್ ಅರ್ಧದಿಂದ ಸ್ವಲ್ಪ ಮೇಲೆ, ಸ್ಟಿಫ್‌ನೆಸ್ ಮೂರನೇ ಒಂದು ಭಾಗ, ಹಿಟ್ ಪೊಸಿಷನ್‌ಗೆ ಚೂರು ರ‍್ಯಾಂಡಮ್. ಮೊದಲ ಏಟಿಗೇ ನಗು ಬಂತು, ಅಷ್ಟು ಕಬ್ಬಿಣ. ಪೈಪ್ ಕೂಡ ಬೀಮ್ ಮತ್ತು ಟ್ಯೂಬ್ ಸೇರಿಸಿದ ಮೇಲೆ ಸರಿಹೋಯಿತು.

ಜೋಡಿ ವಿಷಯವನ್ನು ಕೊಲಿಷನ್‌ನಲ್ಲಿ ಹೀಗೆ ಮಾಡಿದೆ: ಎರಡು ರೆಸೊನೇಟರ್ ಅಕ್ಕಪಕ್ಕ, ಎರಡೂ ಒಂದೇ ಥರ, ಒಂದನ್ನು 3 ಸೆಂಟ್ (ಒಂದು ಸೆಂಟ್ ಅಂದರೆ ಅರ್ಧ ಸ್ವರದ ನೂರನೇ ಒಂದು ಭಾಗ) ಮೇಲೆ. ತೂಗುತ್ತದೆ, ಆದರೆ ಏನೋ ಕೃತಕ.

ಈಗ ತಗಡಿನಲ್ಲಿ ಸಿಕ್ಕಿಕೊಂಡಿದ್ದೇನೆ. ದೊಡ್ಡ ತೆಳು ತಗಡಿಗೆ ಜೋರಾಗಿ ಹೊಡೆದರೆ ಮೊದಲು ‘ಢಂ’, ಆಮೇಲೆ ಅದರೊಳಗಿಂದ ಒಂದು ‘ಝ್‌ಶ್ಶ್’ ಎದ್ದು ಬರುತ್ತದಲ್ಲ, ಜಾಗಟೆಯಲ್ಲಿ ಬರುವ ಹಾಗೆ. ಪ್ಲೇಟ್ ರೆಸೊನೇಟರ್‌ನಲ್ಲಿ ಎಷ್ಟು ತಿರುಗಿಸಿದರೂ ಅದು ಏಳುತ್ತಿಲ್ಲ. ಎಲ್ಲ ಒಟ್ಟಿಗೆ ಹುಟ್ಟಿ ಒಟ್ಟಿಗೆ ಇಳಿಯುತ್ತದೆ.

ಸಾಣೆಕಲ್ಲು

ನಿಮ್ಮ ಕಿವಿ ಚೆನ್ನಾಗಿದೆ. ಅದು ಆ ಮಾಡೆಲ್‌ನಲ್ಲಿ ಏಳುವುದೇ ಇಲ್ಲ.

ಈ ಸಿಂಥ್‌ಗಳಲ್ಲಿ ಒಂದೊಂದು ಪಾರ್ಶಿಯಲ್ ತನ್ನಷ್ಟಕ್ಕೆ ತಾನು ಬದುಕುತ್ತದೆ. ಏಟು ಬಿದ್ದ ಕ್ಷಣ ಅದಕ್ಕೆ ಎಷ್ಟು ಶಕ್ತಿ ಸಿಕ್ಕಿತೋ ಅಷ್ಟೇ, ಆಮೇಲೆ ಇಳಿಯುವುದೊಂದೇ ಕೆಲಸ. ತೆಳು ತಗಡು ಹಾಗಲ್ಲ. ಜೋರಾಗಿ ಹೊಡೆದಾಗ ಅದು ತನ್ನ ದಪ್ಪಕ್ಕೆ ಹೋಲಿಸಿದರೆ ತುಂಬಾ ಬಾಗುತ್ತದೆ. ಬಾಗಿದಾಗ ಮೈಯೆಲ್ಲ ಬಿಗಿಯಾಗುತ್ತದೆ. ಆ ಬಿಗಿತದ ಮೂಲಕ ಕೆಳಗಿನ ಪಾರ್ಶಿಯಲ್‌ಗಳ ಶಕ್ತಿ ಮೇಲಿನವಕ್ಕೆ ಹರಿಯುತ್ತದೆ. ಹರಿಯಲು ಹೊತ್ತು ಬೇಕು, ಅದಕ್ಕೇ ‘ಝ್‌ಶ್ಶ್’ ತಡವಾಗಿ ಏಳುವುದು. ಮೆಲ್ಲಗೆ ತಟ್ಟಿದರೆ ಬಾಗುವುದು ಕಡಿಮೆ, ಹಾಗಾಗಿ ಅದು ಬರುವುದೂ ಇಲ್ಲ. ಅಡ್ಡ ಹಿಡಿದ ತಗಡನ್ನು ಬೆರಳಿನಿಂದ ತಟ್ಟಿ ನೋಡಿ, ಆಮೇಲೆ ಮುಷ್ಟಿಯಿಂದ ಗುದ್ದಿ ನೋಡಿ. ಅದು ದೊಡ್ಡದಾದ ಅದೇ ಸದ್ದಲ್ಲ, ಬೇರೆಯೇ ಸದ್ದು.

ಇದನ್ನು ನಿಜವಾಗಿ ಲೆಕ್ಕ ಹಾಕುವವರು ಇದ್ದಾರೆ. ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಸ್ಟೆಫಾನ್ ಬಿಲ್ಬಾವೊ ತಗಡನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಹರಡಿ ಪ್ರತಿ ಚೌಕದ ಚಲನೆಯನ್ನೂ ಲೆಕ್ಕ ಹಾಕುವ ದಾರಿಯನ್ನು 2009ರ ‘ನ್ಯೂಮರಿಕಲ್ ಸೌಂಡ್ ಸಿಂಥೆಸಿಸ್’ ಪುಸ್ತಕದಲ್ಲಿ ಬಿಡಿಸಿಟ್ಟಿದ್ದಾರೆ. ಗಣಿತ ಜಾಸ್ತಿ, ಲೆಕ್ಕದ ಭಾರವೂ ಜಾಸ್ತಿ. ಗೇಮ್ ಓಡುತ್ತಿರುವಾಗ ಅದೇ ಹೊತ್ತಿಗೆ ಮಾಡಲು ಹೋಗಬೇಡಿ.

ನಾನು ಮಾಡುವ ಉಪಾಯ ಇದು. ಕೊಲಿಷನ್‌ನಲ್ಲಿ ಮ್ಯಾಲೆಟ್ ಜೊತೆಗೆ ನಾಯ್ಸ್ ಅಂತ ಇನ್ನೊಂದು ಮೂಲ ಇದೆ, ಅದಕ್ಕೆ ಅದರದೇ ಎನ್ವಲಪ್ (ಸದ್ದು ಏರಿ ಇಳಿಯುವ ಆಕಾರ) ಇದೆ. ಮ್ಯಾಲೆಟ್‌ಗೆ ಮೆದು ತಲೆ ಇಟ್ಟು ‘ಢಂ’ ಮಾಡಿಸಿ. ನಾಯ್ಸ್‌ನ ಫಿಲ್ಟರನ್ನು ಹೈಪಾಸ್ ಮಾಡಿ (ಮೇಲಿನ ಸದ್ದು ಮಾತ್ರ ದಾಟಲಿ), ಅಟ್ಯಾಕ್ (ಏರುವ ಹೊತ್ತು) ಸುಮಾರು 100 ಮಿಲಿಸೆಕೆಂಡ್ ಇಟ್ಟು ಅದೇ ಪ್ಲೇಟ್‌ಗೆ ಹಾಯಿಸಿ. ನಾಯ್ಸ್ ನೇರವಾಗಿ ಕೇಳಿಸಬಾರದು, ತಗಡಿನ ಮೇಲಿನ ಪಾರ್ಶಿಯಲ್‌ಗಳನ್ನು ಮೆಲ್ಲಗೆ ಎಬ್ಬಿಸಬೇಕು. ಮುಖ್ಯವಾದದ್ದು ಇದರ ಲೆವೆಲ್. ಅದನ್ನು ವೆಲಾಸಿಟಿಗೆ ಕಟ್ಟಿ, ಮೆಲ್ಲಗಿನ ಏಟಿಗೆ ಸೊನ್ನೆ ಆಗುವಂತೆ ನೋಡಿಕೊಳ್ಳಿ. ಮೋಸವೇ ಇದು, ಆದರೆ ಲೋಹ ಮಾಡುವ ಕೆಲಸದ ಜಾಡನ್ನೇ ಹಿಡಿದ ಮೋಸ. ಅದಕ್ಕೇ ಕಿವಿ ಒಪ್ಪುತ್ತದೆ.

ನಿಮ್ಮ ಗಂಟೆ ಯಾಕೆ ಕೃತಕ ಅಂದರೆ, 3 ಸೆಂಟ್ ಮೇಲೆ ಸರಿಸಿದಾಗ ಎಲ್ಲ ಪಾರ್ಶಿಯಲ್‌ಗಳೂ ಒಂದೇ ಲೆಕ್ಕದಲ್ಲಿ ಸರಿಯುತ್ತವೆ. 600 ಹರ್ಟ್ಜ್‌ನಲ್ಲಿ ಸೆಕೆಂಡಿಗೆ ಒಂದು ತೂಗು, ಎರಡು ಪಟ್ಟು ಮೇಲೆ ಎರಡು, ನಾಲ್ಕು ಪಟ್ಟು ಮೇಲೆ ನಾಲ್ಕು. ಕಸರತ್ತು ಮಾಡುವವರ ಸಾಲಿನ ಹಾಗೆ ಒಟ್ಟಿಗೆ ಏಳುತ್ತವೆ, ಬೀಳುತ್ತವೆ. ಎರಕದ ಗಂಟೆಯಲ್ಲಿ ಒಂದೊಂದು ಜೋಡಿಯ ಅಂತರ ಒಂದೊಂದು ಥರ. ರಿಸ್ಸೆಯ ಅಂಕಿ ನೋಡಿ: ಕೆಳಗಿನದಕ್ಕೆ 1 ಹರ್ಟ್ಜ್, ಮೇಲಿನದಕ್ಕೆ 1.7, ಮಿಕ್ಕವಕ್ಕೆ ಏನೂ ಇಲ್ಲ. ಗಂಟೆಯನ್ನು ಕೊಲಿಷನ್‌ನಲ್ಲಿ ಮಾಡಬೇಡಿ. ಲೂಪ್‌ಮನೆ ಹೇಳಿದಂತೆ ಕೋಡ್‌ನಲ್ಲಿ ಒಂದೊಂದಾಗಿ ಇಡಿ.

ಹೆಜ್ಜೆಸದ್ದು

ತಗಡು ಎದ್ದಿತು. ಅಟ್ಯಾಕ್ 100 ಇಟ್ಟರೆ ನನ್ನ ತಗಡಿಗೆ ನಿಧಾನ ಅನ್ನಿಸಿತು, 60ಕ್ಕೆ ತಂದೆ. ಮೆಲ್ಲಗೆ ತಟ್ಟಿದರೆ ಸುಮ್ಮನಿರುತ್ತದೆ, ಗುದ್ದಿದರೆ ಮೈತುಂಬಾ ಕಿರುಚುತ್ತದೆ. ಬೆನ್ನು ಝುಂ ಅಂತು.

ನಿನ್ನೆ ಗೆಳೆಯನೊಬ್ಬನನ್ನು ಕರೆದು ಸ್ಕ್ರೀನ್ ಆಫ್ ಮಾಡಿ ಆಡಿಸಿದೆ. ಸರಳು, ಪೈಪ್, ತಗಡು ಮೂರನ್ನೂ ಸರಿಯಾಗಿ ಹೇಳಿದ. ಟ್ಯಾಂಕನ್ನು ಮಾತ್ರ ‘ದಪ್ಪ ತಗಡು’ ಅಂದ. ಅದರೊಳಗಿನ ಗಾಳಿ ಇನ್ನೂ ಕೇಳುತ್ತಿಲ್ಲ ಅಂತ ಕಾಣುತ್ತದೆ. ಇವತ್ತು ರಾತ್ರಿ ಪ್ಲೇಟ್‌ನಿಂದ ಟ್ಯೂಬ್‌ಗೆ ಹಾಯಿಸಿ ನೋಡುತ್ತೇನೆ. ಗಂಟೆಯ ಹನ್ನೊಂದು ಅಂಕಿಗಳನ್ನು ಕೋಡ್‌ಗೆ ಹಾಕಿ ಆಗಿದೆ. ಹೊಡೆದು ಕೇಳುವುದೊಂದು ಬಾಕಿ.